ಅಂಕಲ್ ಹಿಡಿದ ಪರಿಮಳದ ತಟ್ಟೆ

ಶನಿವಾರ ಬೆಳಿಗ್ಗೆ ಇಬ್ಬರು ಹೆಂಗಸರು ಕೈ ಹಿಡಿದುಕೊಂಡು ಬೀದಿಯಲ್ಲಿ ನಡೆದು ಹೋಗುತ್ತಿದ್ದರೆ ಡ್ಯಾಲಸ್‌ನ ಜನಕ್ಕೆ ಗಾಬರಿಯಾಗುತ್ತದೆ. ಕಾರು ನಿಧಾನ ಮಾಡಿ, ಗಾಜು ಇಳಿಸಿ, "ಕಾರು ಕೆಟ್ಟುಹೋಯ್ತಾ? ಲಿಫ್ಟ್ ಬೇಕಾ?" ಎಂದು ಕೇಳುತ್ತಾರೆ. ಒಳ್ಳೆಯ ಜನ. ಈ ಊರಿನಲ್ಲಿ ಯಾರಾದರೂ ನಡೆಯುತ್ತಿದ್ದಾರೆಂದರೆ ಏನೋ ಕಷ್ಟಕ್ಕೆ ಸಿಕ್ಕಿದ್ದಾರೆ ಎಂದೇ ಅರ್ಥ. ನನ್ನ ಕೈ ಹಿಡಿದ ಆಂಟಿ ಅವರಿಗೆ ಉತ್ತರ ಕೊಡುವುದಿಲ್ಲ. ನನಗೆ ಮಾತ್ರ ಕೇಳುವ ಹಾಗೆ, "ದೇವರು ಕಾಲು ಕೊಟ್ಟಿರೋದು ಬ್ರೇಕ್ ಒತ್ತೋಕೆ ಅಂದ್ಕೊಂಡಿದ್ದಾರೆ" ಎನ್ನುತ್ತಾರೆ.

ಆಂಟಿ ನಮ್ಮ ಪಕ್ಕದ ಮನೆಯವರು. ಹುಟ್ಟಿದ್ದು ಮೊರಾಕ್ಕೋದಲ್ಲಿ, ಓದಿದ್ದು ಫ್ರೆಂಚ್ ಶಾಲೆಯಲ್ಲಿ, ಮುದುಕಿಯಾದದ್ದು ಟೆಕ್ಸಸ್‌ನಲ್ಲಿ. ಅವರೂ ಅವರ ಯಜಮಾನರೂ ಯೆಹೂದ್ಯರು. ಅದರಲ್ಲೂ ಸೆಫಾರ್ದಿಗಳು, ಅಂದರೆ ಎಷ್ಟೋ ತಲೆಮಾರುಗಳ ಹಿಂದೆ ಸ್ಪೇನ್ ಬಿಟ್ಟು ಮೊರಾಕ್ಕೋ, ಸಿರಿಯಾ ಕಡೆಗೆಲ್ಲ ಹೋಗಿ ನೆಲೆಸಿದ ಪಂಗಡದವರು. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಮೂಡುವ ತನಕ ಅವರಿಗೆ ಶಬ್ಬಾತ್. ಕಾರು ಓಡಿಸುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಅವರ ದೇವಾಲಯ, ಸಿನಗಾಗ್, ನಮ್ಮ ಬೀದಿಯಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ. ಅಂಕಲ್ ಬೆಳಗಾಗುತ್ತಲೇ ಹೊರಟುಬಿಡುತ್ತಾರೆ. ಆಂಟಿ ಬೇಗ ಎದ್ದರೂ ಅವರ ಮೊಣಕಾಲು ಬೇಗ ಏಳುವುದಿಲ್ಲ. ಇರುವ ಒಬ್ಬಳೇ ಮಗಳು ಹ್ಯೂಸ್ಟನ್‌ನಲ್ಲಿ. ಶನಿವಾರ ಅವಳೂ ಕಾರು ಹತ್ತುವಂತಿಲ್ಲ. ನನ್ನ ಯಜಮಾನರೋ, ಶನಿವಾರ ಬೆಳಗಾದರೆ ಕ್ರಿಕೆಟ್ ಕಿಟ್ ಹೆಗಲಿಗೇರಿಸಿ ಮಾಯ. ನನಗೆ ಡಾಕ್ಟರು ದಿನಾ ನಡೆಯಿರಿ ಎಂದು ಹೇಳಿ ಹೇಳಿ ಸೋತಿದ್ದರು. ಹೀಗೆ ನಾನು ಆಂಟಿಯ ಊರುಗೋಲಾದೆ. ಮೊದಲ ವಾರ ಬಾಗಿಲ ತನಕ ಬಿಟ್ಟು ಬಂದೆ. ಮರುವಾರ ಆಂಟಿ, "ಒಳಗೆ ಏಸಿ ಇದೆ" ಎಂದರು. ಅದು ಟೆಕ್ಸಸ್‌ನ ಆಗಸ್ಟ್ ತಿಂಗಳು. ಒಳಗೆ ಹೋದೆ.

ನಾವು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ. ಆಂಟಿಯ ಇಂಗ್ಲಿಷಿನಲ್ಲಿ ಫ್ರೆಂಚ್ ಜಾಸ್ತಿ, ನನ್ನದರಲ್ಲಿ ಮೈಸೂರು ಜಾಸ್ತಿ. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಆಡಿಸಿದ್ದೇನೆ. ಬರೆಯುತ್ತಿರುವವಳು ನಾನು, ಕೇಳುವವರು ಯಾರು?

ಪಕ್ಕದ ಊರು ಫ್ಲವರ್ ಮೌಂಡ್‌ನಲ್ಲಿರುವ ಗೆಳತಿಗೆ ಸುದ್ದಿ ಮುಟ್ಟುವುದು ತಡವಾಗಲಿಲ್ಲ. "ಏನೇ, ಇರ್ವಿಂಗ್ ದೇವಸ್ಥಾನದಲ್ಲಿ ಪಾರ್ಕಿಂಗ್ ಸಿಗಲಿಲ್ಲ ಅಂತ ದೇವರನ್ನೇ ಬದಲಾಯಿಸಿಬಿಟ್ಯಾ?" ಎಂದು ಫೋನ್ ಮಾಡಿದಳು. ಆಸ್ಟಿನ್‌ನಲ್ಲಿ ಓದುತ್ತಿರುವ ನನ್ನ ಮಗಳು, "ಅಮ್ಮ, ಆರ್ ಯು ಕನ್ವರ್ಟಿಂಗ್?" ಎಂದು ಕೇಳಿದಳು. "ಇಲ್ಲ ಕಣೇ, ವಾಕಿಂಗ್" ಎಂದೆ. ಅಲ್ಲಿನ ಗುರುಗಳಾದ ರಬ್ಬಿಗೂ ಅನುಮಾನವಿತ್ತೇನೋ, ಒಂದು ದಿನ ನಾನು ಯಾರೆಂದು ವಿಚಾರಿಸಿದರು. ಆಂಟಿ ನನ್ನ ಭುಜ ತಟ್ಟಿ, "ಇವಳು ನನ್ನ ಬಲಗಡೆ ಮೊಣಕಾಲು" ಎಂದು ಪರಿಚಯ ಮಾಡಿಕೊಟ್ಟರು.

ಹೆಂಗಸರು ಕೂರುವ ಕಡೆ ಮರದ ಜಾಲರಿ ಅಡ್ಡ ಇದೆ. ಅದರ ಕಿಂಡಿಗಳಿಂದ ಗಂಡಸರ ಕಡೆಯದೆಲ್ಲ ನಮಗೆ ಕಾಣುತ್ತದೆ, ನಮ್ಮದು ಅವರಿಗೆ ಕಾಣುವುದಿಲ್ಲ. ಈ ಏರ್ಪಾಡು ಮಾಡಿದವರು ಹೆಂಗಸರನ್ನು ಹಿಂದಕ್ಕೆ ತಳ್ಳಿದೆವು ಅಂದುಕೊಂಡಿದ್ದರೆ ಅವರಿಗೆ ಹೆಂಗಸರ ವಿಷಯ ಏನೂ ಗೊತ್ತಿಲ್ಲ. ಯಾರು ತೂಕಡಿಸುತ್ತಾರೆ, ಯಾರು ಹೊಸ ಸೂಟು ಹೊಲಿಸಿದ್ದಾರೆ, ಯಾರು ಯಾರ ಪಕ್ಕ ಕೂರುವುದನ್ನು ಬಿಟ್ಟಿದ್ದಾರೆ ಎಂಬುದೆಲ್ಲ ಪ್ರಾರ್ಥನೆ ಮುಗಿಯುವುದರೊಳಗೆ ನಮ್ಮ ಕಡೆ ತೀರ್ಮಾನವಾಗಿರುತ್ತದೆ.

ಪ್ರಾರ್ಥನೆ ಹೀಬ್ರೂ ಭಾಷೆಯಲ್ಲಿ, ರಾಗಗಳು ಅರಬ್ಬರ ಸೀಮೆಯವು. ಮೊರಾಕ್ಕೋದವರಿಗೆ ಸಿರಿಯಾದವರು ಎಳೆದೆಳೆದು ಹಾಡುವುದು ಸೇರದು, ಸಿರಿಯಾದವರಿಗೆ ಮೊರಾಕ್ಕೋದವರ ಅವಸರ ಸೇರದು. ಮೈಸೂರಿನ ಭಜನಾಮಂಡಳಿಯಲ್ಲಿ ಪಳಗಿದ ನನಗೆ ಅಲ್ಲಿ ಏನೂ ಹೊಸದೆನ್ನಿಸಲಿಲ್ಲ. ಅವರ ಧರ್ಮಗ್ರಂಥವಾದ ತೋರಾ ಚರ್ಮದ ಸುರುಳಿ. ಕೆತ್ತನೆಯ ಕವಚದೊಳಗೆ ನೆಟ್ಟಗೆ ನಿಂತಿರುತ್ತದೆ. ಓದುವುದಕ್ಕೆ ಮುಂಚೆ ಅದನ್ನು ತೆರೆದು, ಎತ್ತಿ ಹಿಡಿದು, ಎಲ್ಲ ಕಡೆಗೂ ತೋರಿಸುತ್ತಾರೆ. ಜನರೆಲ್ಲ ಎದ್ದು ಕಿರುಬೆರಳನ್ನು ಅದರತ್ತ ಚಾಚಿ, ಆ ಬೆರಳಿಗೆ ಮುತ್ತಿಟ್ಟುಕೊಳ್ಳುತ್ತಾರೆ. ಮೊದಲ ಸಲ ನೋಡಿದಾಗ ನನ್ನ ಕೈಗಳು ನನ್ನನ್ನು ಕೇಳದೆ ಎರಡೂ ಕೆನ್ನೆಗೆ ಟಪಟಪ ಬಡಿದುಕೊಂಡವು. ಆಂಟಿ ಗಾಬರಿಯಿಂದ ತಿರುಗಿ, "ಏನಾಯ್ತು, ಸೊಳ್ಳೆನಾ?" ಎಂದರು.

ಅವರ ಮಡಿ ನನ್ನ ಅಜ್ಜಿಯ ಮಡಿಗಿಂತ ಒಂದು ಕೈ ಮೇಲು. ನನ್ನ ಅಡುಗೆಮನೆಯ ಒಂದು ತುತ್ತೂ ಆ ಬಾಗಿಲು ದಾಟುವಂತಿಲ್ಲ. ಅವರದನ್ನು ನಾನು ತಿನ್ನಬಹುದು, ಮತ್ತು ಚೆನ್ನಾಗಿಯೇ ತಿನ್ನುತ್ತೇನೆ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಅಲ್ಲೇ ಊಟ. ಶುಕ್ರವಾರ ಸಂಜೆಯೇ ಬಿಸಿತಟ್ಟೆಯ ಮೇಲೆ ಇಟ್ಟು ರಾತ್ರಿಯಿಡೀ ಬೆಂದ ಕಡಲೆಕಾಳು, ಆಲೂಗಡ್ಡೆ, ಗೋಧಿ, ಮಾಂಸ. ಮಾಂಸವಿಲ್ಲದ ಸಣ್ಣ ಪಾತ್ರೆಯೊಂದು ನನಗಾಗಿ ಹುಟ್ಟಿಕೊಂಡಿದೆ. ಒಂದು ಸಲ ಅನ್ನದಲ್ಲಿ ಸಿಕ್ಕ ಚಕ್ಕೆ ಲವಂಗವನ್ನು, ಸಾರಿನ ಕರಿಬೇವು ಎತ್ತಿಡುವ ಹಾಗೆ, ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಆಂಟಿ ನನ್ನ ಮಣಿಕಟ್ಟು ಹಿಡಿದರು. "ಶಬ್ಬಾತ್ ದಿನ ಬೇಡದ್ದನ್ನ ಆರಿಸಿ ತೆಗೆಯೋ ಹಾಗಿಲ್ಲ. ಬೇಕಾದ್ದನ್ನ ತಗೊಂಡು ತಿನ್ನು, ಬೇಡದ್ದು ತಾನೇ ಉಳಿಯುತ್ತೆ." ನಾನು ನಿಮ್ಮವಳಲ್ಲವಲ್ಲ ಆಂಟಿ, ನನಗೇನು ನಿಯಮ ಎಂದೆ. "ನಿನಗಿಲ್ಲ. ಆದ್ರೆ ನೋಡ್ತಾ ಕೂತಿರೋಳು ನಾನು" ಎಂದರು.

ಈಗ ಅಂಕಲ್ ವಿಷಯ. ಅವರು ಕಾರ್ಪೆಟ್ ಅಂಗಡಿ ನಡೆಸಿ, ವಯಸ್ಸಾದ ಮೇಲೆ ಮುಚ್ಚಿ ಮನೆಯಲ್ಲಿರುವವರು. ಒಂದು ಕಾಲಕ್ಕೆ ಸಿನಗಾಗ್‌ನಲ್ಲಿ ಅವರೇ ಮುಂದೆ ನಿಂತು ಹಾಡುತ್ತಿದ್ದರಂತೆ. ಗಂಟಲು ಕೈಕೊಟ್ಟ ಮೇಲೆ ಅದು ಬೇರೆಯವರ ಪಾಲಾಯಿತು. ಈಗ ಅವರಿಗೆ ಉಳಿದಿರುವ ಅಧಿಕಾರ ಒಂದೇ: ಪರಿಮಳದ ತಟ್ಟೆ.

ಅವರಲ್ಲಿ ದಿನಕ್ಕೆ ನೂರು ಸಲ ದೇವರನ್ನು ಸ್ತುತಿಸಬೇಕೆಂಬ ಪದ್ಧತಿ ಇದೆ. ವಾರದ ದಿನಗಳಲ್ಲಿ ಪ್ರಾರ್ಥನೆಯಲ್ಲೇ ಬಹುಪಾಲು ತುಂಬಿಬಿಡುತ್ತದೆ. ಶಬ್ಬಾತ್‌ನ ಪ್ರಾರ್ಥನೆಯಲ್ಲಿ ಸ್ತುತಿಗಳು ಕಡಿಮೆ ಬರುವುದರಿಂದ ಆ ಕೊರತೆಯನ್ನು ಹಣ್ಣು ತಿಂದು, ಪರಿಮಳ ಮೂಸಿ ತುಂಬಿಕೊಳ್ಳುತ್ತಾರೆ. ಪರಿಮಳಕ್ಕೂ ಸ್ತುತಿ ಇದೆ: ಮರದ್ದಕ್ಕೆ ಒಂದು, ಸೊಪ್ಪಿನದಕ್ಕೆ ಒಂದು, ಹಣ್ಣಿನದಕ್ಕೆ ಇನ್ನೊಂದು. ಮೊದಲು ಸ್ತುತಿ ಹೇಳಬೇಕು, ಆಮೇಲೆ ಮೂಸಬೇಕು, ಕೇಳಿಸಿಕೊಂಡವರು "ಆಮೆನ್" ಅನ್ನಬೇಕು. ಸ್ತುತಿ ಹೇಳಿದ ಮೇಲೆ ಮೂಗಿಗೆ ವಾಸನೆಯೇ ತಿಳಿಯಲಿಲ್ಲವೆಂದರೆ ದೇವರ ಹೆಸರನ್ನು ಸುಮ್ಮನೆ ಬಾಯಿಗೆ ತಂದ ಹಾಗೆ. ಅದು ದೊಡ್ಡ ತಪ್ಪು.

ತೋರಾ ಓದಿ ಮುಗಿದ ಮೇಲೆ ಅಂಕಲ್ ಬೆಳ್ಳಿಯ ತಟ್ಟೆ ಹಿಡಿದು ಸಾಲು ಸಾಲಾಗಿ ಬರುತ್ತಾರೆ. ತಟ್ಟೆಯಲ್ಲಿ ಪುದೀನ, ನಿಂಬೆಹಣ್ಣು, ಲವಂಗ. ಹಬ್ಬದ ದಿನವಾದರೆ ಪನ್ನೀರುದಾನಿಯೂ ಇರುತ್ತದೆ. ನಮ್ಮ ಮದುವೆಮನೆಯ ಬಾಗಿಲಲ್ಲಿ ಹಿಡಿಯುವಂಥದ್ದೇ, ಉದ್ದ ಕತ್ತಿನದು. ಅಂಕಲ್ ಒಬ್ಬೊಬ್ಬರ ಮುಂದೆಯೂ ನಿಂತು ತಟ್ಟೆಯನ್ನು ಮೂಗಿನ ಮಟ್ಟಕ್ಕೆ ಎತ್ತುತ್ತಾರೆ. ಎದುರಿಗಿರುವವರು ಸ್ತುತಿ ಹೇಳಿ, ಮೂಸಿ, "ಆಹಾ" ಅನ್ನುವ ತನಕ ಮುಂದೆ ಹೋಗುವುದಿಲ್ಲ. ಅವಸರದಲ್ಲಿ ಅರೆಬರೆ ಮೂಸಿದವರ ಮುಂದೆ ಇನ್ನೊಂದು ಸಲ ಎತ್ತುತ್ತಾರೆ. ಊಟಕ್ಕೆ ಹೊಟ್ಟೆ ತಾಳ ಹಾಕುತ್ತಿರುವ ಜನ ಒಳಗೊಳಗೇ ಗೊಣಗುತ್ತಾರೆ.

ಅದನ್ನು ಮೊದಲು ನೋಡಿದಾಗ ನನಗೆ ಕಸಿವಿಸಿಯಾಗಿತ್ತು. ನಾನು ಬೆಳೆದ ಮನೆಯಲ್ಲಿ ದೇವರಿಗೆಂದು ಬಿಡಿಸಿದ ಹೂವನ್ನು ಮೂಸಿದರೆ ಅಜ್ಜಿ ಕೈ ಮೇಲೆ ಪಟ್ಟೆಂದು ಕೊಡುತ್ತಿದ್ದರು. ಮೂಸಿದ ಹೂವು ಎಂಜಲಿಗೆ ಸಮ, ದೇವರಿಗೆ ಆಗದು. ಹೂವಿನ ಬುಟ್ಟಿ ಹಿಡಿದರೆ ನನ್ನ ಉಸಿರು ಈಗಲೂ ತಾನಾಗಿ ಆಚೆ ತಿರುಗುತ್ತದೆ. ಇಲ್ಲಿ ನೋಡಿದರೆ ದೇವರ ಮನೆಯಲ್ಲೇ ನಿಂತು, ಮೂಸು ಮೂಸು ಎಂದು ಬಲವಂತ! ಇದನ್ನು ಹೇಳಿದಾಗ ಅಂಕಲ್ ಬಿದ್ದು ಬಿದ್ದು ನಕ್ಕರು. "ನಿಮ್ಮ ದೇವರಿಗೆ ಮೂಗಿದೆ, ಅವನೇ ಮೂಸ್ತಾನೆ. ನಮ್ಮವನಿಗೆ ಮೂಗಿಲ್ಲ, ಅವನ ಪರವಾಗಿ ನಾವೇ ಮೂಸ್ಬೇಕು" ಎಂದರು. ಇದು ಅವರ ಶಾಸ್ತ್ರದಲ್ಲಿ ಇದೆಯೋ ಇಲ್ಲವೋ, ಅಂಕಲ್ ಶಾಸ್ತ್ರದಲ್ಲಿದೆ.

ಹೂವು ಪತ್ರೆಗೆ ಅಡುಗೆಯ ಮಡಿ ಇಲ್ಲವೆಂದು ಗೊತ್ತಾದ ಮೇಲೆ ನಾನೂ ಒಂದು ಕೈ ಸೇರಿಸಿದೆ. ಹಿತ್ತಲ ಕುಂಡಗಳ ತುಳಸಿ, ಮರುಗ ಶುಕ್ರವಾರ ಸಂಜೆ ಬೇಲಿ ದಾಟಿ ಅವರ ಕೈ ಸೇರುತ್ತಿದ್ದವು. ಶಬ್ಬಾತ್ ದಿನ ಗಿಡದಿಂದ ಕೀಳುವಂತಿಲ್ಲ, ಹಾಗಾಗಿ ಸೂರ್ಯ ಮುಳುಗುವ ಮುಂಚೆಯೇ ಅಂಕಲ್ ಎಲ್ಲವನ್ನೂ ಕಾರಿನಲ್ಲಿ ಸಿನಗಾಗ್‌ಗೆ ಮುಟ್ಟಿಸಿ ಬರುತ್ತಿದ್ದರು.

ಒಂದು ಶನಿವಾರ ನಡೆಯುತ್ತಾ ನಡೆಯುತ್ತಾ ಆಂಟಿ ನಿಂತುಬಿಟ್ಟರು. ಮೊಣಕಾಲೇನೋ ಅಂದುಕೊಂಡೆ. ಅಲ್ಲ.

"ಅವರಿಗೆ ವಾಸನೆ ಗೊತ್ತಾಗ್ತಿಲ್ಲ ಅನ್ಸುತ್ತೆ" ಎಂದರು.

"ಯಾರಿಗೆ?"

"ಇನ್ಯಾರಿಗೆ? ಆ ಕೊರೋನಾ ಬಂದ್ಹೋಯ್ತಲ್ಲ, ಅದಾದ್ಮೇಲೆ. ಹಾಲು ಸೀದು ಮನೆಯೆಲ್ಲ ಹೊಗೆ, ಪಕ್ಕದಲ್ಲೇ ಕೂತು ಪೇಪರ್ ಓದ್ತಾರೆ. ಕೇಳಿದ್ರೆ, ನನ್ನ ಮೂಗು ನಿನ್ನ ಮೂಗಿಗಿಂತ ಚೆನ್ನಾಗಿದೆ ಅಂತ ಜಗಳಕ್ಕೆ ಬರ್ತಾರೆ."

ಆಂಟಿಯ ಸಂಕಟ ಎರಡು ಬಗೆಯದು. ಮೂಗು ಸತ್ತಿದ್ದೂ ಅಂಕಲ್ ಪ್ರತಿ ಶನಿವಾರ ಸ್ತುತಿ ಹೇಳುತ್ತಿದ್ದರೆ ಅಷ್ಟೂ ದೇವರ ಹೆಸರು ಸುಮ್ಮನೆ ಪೋಲು. ಈ ಮಾತು ರಬ್ಬಿಯ ಕಿವಿಗೆ ಬಿದ್ದರೆ ತಟ್ಟೆ ಬೇರೆಯವರ ಕೈಗೆ ಹೋಗುತ್ತದೆ. ಯಾರ ಕೈಗೆ ಎಂಬುದೂ ಎಲ್ಲರಿಗೂ ಗೊತ್ತು. ಅಲ್ಲೊಬ್ಬರು ಹಲ್ಲಿನ ಡಾಕ್ಟರಿದ್ದಾರೆ. ಅವರು ಬರುವ ಮುಂಚೆಯೇ ಅವರ ಸೆಂಟು ಬಂದು ಸೀಟು ಹಿಡಿದಿರುತ್ತದೆ. ತಟ್ಟೆ ಕಂಡಾಗಲೆಲ್ಲ ಅವರ ಕೈ ಮುಂದೆ ಬರುವುದನ್ನು ನಾವು ಜಾಲರಿಯಿಂದ ನೋಡಿದ್ದೇವೆ. "ಹಾಡೋದು ಹೋಯ್ತು. ತಟ್ಟೆನೂ ಹೋದ್ರೆ ಅವರು ಶನಿವಾರ ಮನೆಯಿಂದ ಹೊರಗೆ ಬರಲ್ಲ" ಎಂದು ಆಂಟಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಯಾರೋ ಕಾರು ನಿಲ್ಲಿಸಿ ಲಿಫ್ಟ್ ಬೇಕಾ ಎಂದು ಕೇಳಿದರು.

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಮಾರನೆಯ ದಿನವೇ ಅಂಕಲ್ ಬೇಲಿಯ ಹತ್ತಿರ ಪುದೀನಕ್ಕೆ ನೀರು ಹಾಕುತ್ತಿದ್ದಾಗ ಇಂಗಿನ ಡಬ್ಬಿ ಹಿಡಿದು ಹೊರಟೆ. ಊರಿಂದ ತಂದ ಕಟು ಇಂಗು. ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೂ ಪಕ್ಕದ ಕಾಫಿಪುಡಿಯನ್ನು ಕೆಡಿಸುವಂಥದ್ದು. ಮುಚ್ಚಳ ತೆಗೆದು ಅಂಕಲ್ ಮೂಗಿನ ಬುಡಕ್ಕೇ ಹಿಡಿದು, "ನೋಡಿ ಅಂಕಲ್, ನಮ್ಮ ಊರಿಂದು" ಎಂದೆ.

ಅಂಕಲ್ ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದುಕೊಂಡು, "ಆಹಾ" ಎಂದರು. "ಎಷ್ಟು ನಾಜೂಕಾಗಿದೆ! ಗುಲಾಬಿ ಜಾತಿದಾ?"

ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಅಂಕಲ್ ಒಂದು ಕಣ್ಣು ತೆರೆದು, "ಇದು ಮರದ್ದಾ, ಸೊಪ್ಪಿಂದಾ?" ಎಂದು ಕೇಳಿದರು. ಅಯ್ಯೋ, ಇಲ್ಲೇ ಸ್ತುತಿ ಶುರು ಮಾಡಿಬಿಟ್ಟರೆ ಆ ಪಾಪ ನನ್ನ ತಲೆಗೇ ಎಂದು ಮುಚ್ಚಳ ಹಾಕಿ, ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಓಡಿದೆ. ಪರೀಕ್ಷೆ ಮಾಡಿ ತಿಳಿದುಕೊಂಡದ್ದು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಆಂಟಿಗೆ ಮಾತ್ರ ಹೇಳಿದೆ. ಇಬ್ಬರೂ ಬಾಯಿಗೆ ಬೀಗ ಹಾಕಿಕೊಳ್ಳುವುದೆಂದು ತೀರ್ಮಾನವಾಯಿತು. ತಟ್ಟೆಯ ಮೇಲೆ ಹೋಗುವುದೆಲ್ಲ ಘಾಟಾದ ಪರಿಮಳದ್ದೇ ಆಗಿರಬೇಕು. ಆಗ ಉಳಿದವರು ತಾವಾಗಿ "ಆಹಾ" ಎನ್ನುತ್ತಾರೆ, ಅಂಕಲ್ ಮೂಗಿನ ಮೇಲೆ ಯಾರಿಗೂ ಅನುಮಾನ ಬಾರದು. ಆ ಮೇಲ್ವಿಚಾರಣೆ ನನ್ನದು. ಸ್ತುತಿಯ ಪಾಪದ ವಿಷಯವನ್ನು ಆಂಟಿ ದೇವರ ಹತ್ತಿರ ನೇರವಾಗಿ ಮಾತಾಡಿಕೊಳ್ಳುತ್ತೇನೆಂದರು.

ಕೆಲವು ವಾರ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಹೆಣ್ಣುಮಗುವಿಗೆ ಹೆಸರಿಡುವ ಶನಿವಾರ ಬಂತು. ಹೆಚ್ಚು ಜನ ಸೇರುತ್ತಾರೆ, ಏನಾದರೂ ವಿಶೇಷ ಬೇಕು ಎಂದು ಅಂಕಲ್ ಕೇಳಿದರು. ಹೆಣ್ಣುಮಗುವೆಂದ ಮೇಲೆ ಮಲ್ಲಿಗೆಯಲ್ಲದೆ ಇನ್ನೇನು? ಶುಕ್ರವಾರ ಆಫೀಸಿನಿಂದ ಬೇಗ ಹೊರಟು ಇರ್ವಿಂಗ್‌ನ ಇಂಡಿಯನ್ ಅಂಗಡಿಗೆ ಡ್ರೈವ್ ಮಾಡಿದೆ. ಅಲ್ಲಿ ಫ್ರಿಜ್ಜಿನಲ್ಲಿ, ಕರಿಬೇವಿಗೂ ದೋಸೆಹಿಟ್ಟಿಗೂ ನಡುವೆ, ವಿಮಾನದಲ್ಲಿ ಬಂದ ಮಲ್ಲಿಗೆಯ ಮಾಲೆ ಸಿಗುತ್ತದೆ. ಬಿಳುಪಾಗಿ, ಒತ್ತೊತ್ತಾಗಿ ಕಟ್ಟಿದ ಮಾಲೆಯೊಂದು ಸಿಕ್ಕಿತು. ಮೊಗ್ಗು ಒತ್ತಿ ನೋಡಿದೆ, ದಾರ ಎಳೆದು ನೋಡಿದೆ. ಮೂಸಿ ಮಾತ್ರ ನೋಡಲಿಲ್ಲ. ದೇವರ ಮನೆಗೆ ಹೋಗುವ ಹೂವು. ಅಜ್ಜಿ ಹೋಗಿ ಎಷ್ಟೋ ವರ್ಷವಾದರೂ ಅವರ ಕೈ ನನ್ನ ಮೂಗಿನ ಮುಂದೆಯೇ ಇತ್ತು. ಕಾರಿನಲ್ಲೂ ಮಾಲೆಯನ್ನು ಹಿಂದಿನ ಸೀಟಿನಲ್ಲಿ ಮಡಿಯಾಗಿ ಕೂರಿಸಿ, ಕಿಟಕಿ ಇಳಿಸಿಕೊಂಡು ಬಂದೆ.

ಮಾರನೆಯ ಬೆಳಿಗ್ಗೆ ಸಿನಗಾಗ್ ತುಂಬಿತ್ತು. ಮಗುವಿಗೆ ಹೆಸರಿಟ್ಟರು, ಹೆಂಗಸರು ನಾಲಿಗೆ ಹೊರಳಿಸಿ ಉಲು ಉಲು ಎಂದು ಕೂಗಿದರು. ಅಂಕಲ್ ತಟ್ಟೆ ಹಿಡಿದು ಹೊರಟರು. ತಟ್ಟೆಯ ಮೇಲೆ ನನ್ನ ಮಲ್ಲಿಗೆ ಸುರುಳಿ ಸುತ್ತಿಕೊಂಡು ಕೂತಿತ್ತು. ಮೊದಲು ರಬ್ಬಿ. ಅವರು ಗಟ್ಟಿಯಾಗಿ ಸ್ತುತಿ ಹೇಳಿದರು, ಎಲ್ಲರೂ ಆಮೆನ್ ಎಂದರು, ಅವರು ಬಗ್ಗಿ ಮೂಸಿದರು. ಜಾಲರಿಗೆ ಕಣ್ಣು ಹಚ್ಚಿದ್ದ ನಾನು ನೋಡಿದೆ: ರಬ್ಬಿಯ ಮುಖ ಒಂದು ಕ್ಷಣ ಖಾಲಿಯಾಯಿತು. ಇನ್ನೊಮ್ಮೆ ಮೂಸಿದರು. ಆಮೇಲೆ, "ಆಹಾ" ಎಂದರು.

ಮುಂದಿನವರು ಸ್ತುತಿ ಹೇಳಿದರು, ಮೂಸಿದರು, ಕಣ್ಣು ಪಿಳಿಪಿಳಿ ಬಿಟ್ಟರು, ಪಕ್ಕಕ್ಕೊಮ್ಮೆ ನೋಡಿ "ಆಹಾ" ಎಂದರು. ಅವರ ಮುಂದಿನವರೂ ಹಾಗೆಯೇ. ಹಲ್ಲಿನ ಡಾಕ್ಟರಂತೂ ಮೂರು ಸಲ ಎಳೆದುಕೊಂಡು, ಬೆವರೊರೆಸಿಕೊಂಡು, "ಅದ್ಭುತ! ಇದು ಬೆಳಗಿನ ಮಲ್ಲಿಗೆ!" ಎಂದರು. ತಟ್ಟೆ ಸಾಲಿನಿಂದ ಸಾಲಿಗೆ ಸಾಗಿತು. ಹಾದುಹೋದ ಕಡೆಯೆಲ್ಲ ಜನ ಮೆಲ್ಲಗೆ ತಮ್ಮ ಅಂಗೈ, ಶರ್ಟಿನ ತೋಳು, ಪ್ರಾರ್ಥನೆಯ ಶಾಲು ಮೂಸಿ ನೋಡಿಕೊಳ್ಳತೊಡಗಿದರು. ಆ ಕಾಯಿಲೆ ಎಲ್ಲರ ಮನೆಗೂ ಬಂದು ಹೋದದ್ದೇ. ತನ್ನ ಮೂಗೇ ಹೋಯಿತೆಂದು ಒಬ್ಬೊಬ್ಬರೂ ಒಳಗೇ ನಡುಗುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಗುಂಪಾಗಿತ್ತು ಅದು. ಅಂಕಲ್ ಒಬ್ಬರೇ ರಾಜನ ಗತ್ತಿನಲ್ಲಿ, ಪ್ರತಿ ಸ್ತುತಿಗೂ ಆಮೆನ್ ಹೇಳುತ್ತಾ, ನಗುನಗುತ್ತಾ ಬಂದರು.

ಗಂಡಸರ ಸುತ್ತು ಮುಗಿದು ತಟ್ಟೆ ಜಾಲರಿಯ ಪಕ್ಕದ ಬಾಗಿಲಿಗೆ ಬಂತು. ಅಲ್ಲಿಂದ ಆಂಟಿ ಇಸಿದುಕೊಳ್ಳುವುದು ರೂಢಿ. ಆಂಟಿ ಸ್ತುತಿ ಹೇಳಲು ಬಾಯಿ ತೆರೆದವರು, ಮಾಲೆಯ ಮೇಲೆ ಕಣ್ಣಿಟ್ಟು, ಯಾಕೋ ಅನುಮಾನ ಬಂದು, ಮೊದಲು ಮೂಸಿದರು.

"ಇದಕ್ಕೆ ವಾಸನೆನೇ ಇಲ್ಲ!" ಆಂಟಿಗೆ ಮೆಲ್ಲಗೆ ಮಾತಾಡುವುದು ಹುಟ್ಟಿನಿಂದ ಬಂದಿಲ್ಲ. "ಫ್ರಿಜ್ ವಾಸನೆ ಬರ್ತಿದೆ. ಬರೀ ಫ್ರಿಜ್!"

ನಾನು ಮಾಲೆಯನ್ನು ಕಸಿದು ಮೂಗಿಗೆ ಒತ್ತಿಕೊಂಡೆ. ಜೀವನದಲ್ಲಿ ಮೊದಲ ಸಲ ದೇವರ ಹೂವನ್ನು ದೇವರ ಎದುರಿಗೇ ಮೂಸಿದ್ದು, ಅದರಲ್ಲೂ ಏನೂ ಇರಲಿಲ್ಲ. ಎಷ್ಟು ದಿನ ಥಂಡಿಯಲ್ಲಿತ್ತೋ, ಪರಿಮಳ ದಾರಿಯಲ್ಲೇ ಸತ್ತಿತ್ತು. ಆಂಟಿ ನನ್ನ ಮುಖ ನೋಡಿದರು, ನಾನು ಆಂಟಿಯ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು: ಅಂಕಲ್ ತಟ್ಟೆಯನ್ನು ನಾವೇ ಕಿತ್ತುಕೊಟ್ಟ ಹಾಗಾಯಿತು.

ಅಂಕಲ್ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಅವರ ನಗು ಮಾಯವಾಗಿತ್ತು.

"ವಾಸನೆ ಇಲ್ವಾ?" ಎಂದರು. "ಮತ್ತೆ ಎಲ್ಲರೂ ಆಹಾ ಅಂದ್ರಲ್ಲ?"

ರಬ್ಬಿ ಗಡ್ಡ ಕೆರೆದುಕೊಂಡರು. ಹಲ್ಲಿನ ಡಾಕ್ಟರು ಪುಸ್ತಕದಲ್ಲಿ ಏನನ್ನೋ ಹುಡುಕತೊಡಗಿದರು.

"ನನಗಾದ್ರೂ ಕಾರಣ ಇದೆ" ಎಂದರು ಅಂಕಲ್. ಹಾಡುವ ಗಂಟಲು ಹೋಗಿದ್ದರೂ ಆ ಮಾತು ಮೂಲೆ ಮೂಲೆಗೂ ಕೇಳಿಸಿತು. "ನನ್ನ ಮೂಗು ಸತ್ತು ವರ್ಷಗಳಾಯ್ತು. ನಿಮಗೆಲ್ಲ ಏನಾಗಿದೆ?"

ಜಾಲರಿಯ ಈ ಕಡೆ ನನ್ನ ಕೈಯನ್ನು ಆಂಟಿ ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಬಳೆ ಒತ್ತಿ ಗುರುತಾಯಿತು. ರಬ್ಬಿ ಎದ್ದು ಅಂಕಲ್ ಹತ್ತಿರ ಬಂದರು. ತುಂಬಾ ಮೆಲ್ಲಗೆ, ಹಾಗಾದರೆ ಇಷ್ಟು ವರ್ಷ ನೀವು ಹೇಳಿದ ಸ್ತುತಿಗಳು ಎಂದು ಶುರು ಮಾಡಿದರು.

"ಒಂದೂ ಹೇಳಿಲ್ಲ" ಎಂದರು ಅಂಕಲ್. "ನೀವುಗಳು ಹೇಳಿದ್ದಕ್ಕೆ ಆಮೆನ್ ಅಂತೀನಿ ಅಷ್ಟೆ. ಎಲ್ಲರೂ ಅವರವರ ಧ್ವನಿನೇ ಕೇಳಿಸ್ಕೊಳ್ತಾ ಇರ್ತೀರ. ನಾನು ಬಾಯಿ ಬಿಡದೇ ಇರೋದನ್ನ ಇಲ್ಲಿ ಯಾರು ನೋಡ್ತಾರೆ?" ಆಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ರಬ್ಬಿಯ ಮುಂದೆ ಹಿಡಿದು, "ತಗೊಳ್ಳಿ. ಮೂಗಿರೋರಿಗೆ ಕೊಡಿ" ಎಂದರು.

ಆಂಟಿ ಅಳುತ್ತಿದ್ದರು. ನನಗೆ ಅಳುವೂ ಬಂತು, ನನ್ನ ಮೇಲೇ ಸಿಟ್ಟೂ ಬಂತು. ಇಷ್ಟು ವಾರ ದೇವರ ಹತ್ತಿರ ಆಂಟಿ ರಾಜಿ ಮಾಡಿಕೊಂಡ ಪಾಪವನ್ನು ಅಂಕಲ್ ಮಾಡಿಯೇ ಇರಲಿಲ್ಲ. ಆ ಬೆಳಿಗ್ಗೆ ಸಾಲು ಸಾಲಾಗಿ ದೇವರ ಹೆಸರು ಪೋಲು ಮಾಡಿದ್ದು ಮೂಗಿದ್ದವರು, ಮಾಡಿಸಿದ್ದು ನಾನು.

ರಬ್ಬಿ ತಟ್ಟೆಯನ್ನು ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಪರಿಮಳ ತರೋರು ಮೂಸಬೇಕು ಅಂತ ಎಲ್ಲೂ ಬರೆದಿಲ್ಲ" ಎಂದರು. "ವಾಸನೆ ಬರದೇ ಇದ್ದಾಗ ಆಹಾ ಅನ್ನಬಾರದು ಅಂತಲೂ ಬರೆದಿಲ್ಲ, ಆದ್ರೆ ಅದು ನಮಗೆ ಮೊದಲೇ ಗೊತ್ತಿರಬೇಕಿತ್ತು." ಹಲ್ಲಿನ ಡಾಕ್ಟರ ಕಡೆ ಅವರು ನೋಡಲಿಲ್ಲ, ಉಳಿದವರೆಲ್ಲ ನೋಡಿದರು.

ಅಂಕಲ್ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಕಾರ್ಪೆಟ್ ಮಾರಿದ ಮನುಷ್ಯ. ಎದುರಿನವನು ಮೆತ್ತಗಾದದ್ದು ಗೊತ್ತಾಗದೆ ಇರುತ್ತದೆಯೆ? ಸರಿ, ಹಿಡಿಯುತ್ತೇನೆ, ಆದರೆ ನನ್ನದೊಂದು ಷರತ್ತು ಎಂದರು. ಇನ್ನು ಮೇಲೆ ಈ ಆಹಾ ನಡೆಯುವುದಿಲ್ಲ. ಮೂಸಿದವರು ಹೇಗಿತ್ತೆಂದು ಬಾಯಿಬಿಟ್ಟು ಹೇಳಬೇಕು. "ನನಗೆ ಬರಲ್ಲ ವಾಸನೆ. ನೀವು ಹೇಳಿ, ನಾನು ಕೇಳ್ತೀನಿ."

ಮುಂದಿನ ಶನಿವಾರದಿಂದ ನಮ್ಮ ಊಟ ಪ್ರತಿ ವಾರ ತಡವಾಗುತ್ತಿದೆ. ಮೊದಮೊದಲು ಜನ "ಚೆನ್ನಾಗಿದೆ" ಎಂದು ಜಾರಿಕೊಳ್ಳಲು ನೋಡಿದರು. ಅಂಕಲ್ ಜಗ್ಗಲಿಲ್ಲ, ತಟ್ಟೆ ಇಳಿಸಲಿಲ್ಲ. ಆಮೇಲೆ ಜನಕ್ಕೆ ರುಚಿ ಹತ್ತಿತು. ಒಬ್ಬರು ಪುದೀನ ಮೂಸಿ ಮೊರಾಕ್ಕೋದ ರೈಲು ಹತ್ತಿದರೆ ಇಳಿಯುವುದೇ ಇಲ್ಲ. ಹಲ್ಲಿನ ಡಾಕ್ಟರು ನಿಂಬೆಹಣ್ಣಿನ ಮೇಲೆ ಮಾಡಿದ ಭಾಷಣಕ್ಕೆ ರಬ್ಬಿ ಎರಡು ಸಲ ಕೆಮ್ಮಬೇಕಾಯಿತು. ಹೆಂಗಸರ ಕಡೆ ನಾವು ಜಾಲರಿಗೆ ಆತುಕೊಂಡು ಕೇಳುತ್ತೇವೆ. ಯಾರ ಅಜ್ಜಿ ಯಾವ ಸಾಬೂನಿನಲ್ಲಿ ಬಟ್ಟೆ ಒಗೆಯುತ್ತಿದ್ದರೆಂಬುದು ಈಗ ಎಲ್ಲರಿಗೂ ಗೊತ್ತು.

ಬೇಸಿಗೆ ಬಂದಾಗ ನನ್ನ ಕುಂಡದ ಮಲ್ಲಿಗೆ ಬಿಟ್ಟಿತು. ಶುಕ್ರವಾರ ಸಂಜೆ ಬಿಡಿಸಿ, ಈ ಸಲ ಒಂದೊಂದನ್ನೂ ಮೂಸಿ, ಅಜ್ಜಿಗೆ ತಪ್ಪಾಯಿತು ಎಂದು ಹೇಳಿ ಕೊಟ್ಟೆ. ಶನಿವಾರ ಅಂಕಲ್ ಗಂಡಸರ ಸುತ್ತು ಮುಗಿಸಿ ಬಾಗಿಲಿಗೆ ಬಂದವರು ತಟ್ಟೆಯನ್ನು ಆಂಟಿಗೆ ಕೊಡಲಿಲ್ಲ. ನೇರವಾಗಿ ನನ್ನ ಮುಂದೆ ಎತ್ತಿದರು. ನನಗೆ ಅವರ ಸ್ತುತಿ ಬಾರದು, ಹೇಳುವವಳೂ ನಾನಲ್ಲ. "ಸ್ತುತಿ ಬೇಡ. ಹೇಗಿದೆ, ಅದನ್ನ ಹೇಳು" ಎಂದರು.

ಬಗ್ಗಿದೆ. ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ನೈಸ್ ಎಂಬುದರಾಚೆಗೆ ಒಂದು ಮಾತೂ ಬರಲಿಲ್ಲ. ಅಂಕಲ್ ಕಣ್ಣು ಮುಚ್ಚಿ ಕಾಯುತ್ತಿದ್ದರು. ಅವರ ಹಿಂದೆ ಹಸಿದ ಜನವೆಲ್ಲ ಕಾಯುತ್ತಿತ್ತು.

"ನಮ್ಮಮ್ಮ ಮದುವೆಮನೆಯಿಂದ ರಾತ್ರಿ ವಾಪಸ್ ಬರ್ತಿದ್ದಳು" ಎಂದೆ, ಬಂದಷ್ಟು ಇಂಗ್ಲಿಷಿನಲ್ಲಿ. "ಬಸ್ಸಲ್ಲಿ ನಾನು ಅವಳ ಭುಜದ ಮೇಲೆ ನಿದ್ದೆ ಹೋಗ್ತಿದ್ದೆ. ಆಗ ಅವಳ ಜಡೆ ಹೀಗಿರ್ತಿತ್ತು."

ಆಂಟಿ ನನ್ನ ಪಕ್ಕೆಗೆ ತಿವಿದು, ಅಂಕಲ್ ಕಡೆ ಕಣ್ಣು ಬಿಟ್ಟು, "ಇದಕ್ಕೆಲ್ಲ ಆಮೆನ್ ಹೇಳೋ ಹಾಗಿಲ್ಲ" ಎಂದು ಎಚ್ಚರಿಸಿದರು. ಅಂಕಲ್ ಆಗಲೇ ಹೇಳಿಬಿಟ್ಟಿದ್ದರು.